ಕೆರೆ ದಾರಿಗೆ ಕಳಿಸಿದ್ದು

ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಅಕ್ಕನ ಬಾಡಿಗೆ ಮನೆಗಳಿದ್ದವು. ಉಳಿದುಕೊಂಡವರು ಕಾಡಿನಲ್ಲಿ ಎಲ್ಲಿ ಅಲೆಯಬೇಕು, ಎಲ್ಲಿ ಬುತ್ತಿ ಬಿಚ್ಚಬೇಕು ಎಂದು ಬೆಳಿಗ್ಗೆಯೇ ಕಟ್ಟುನಿಟ್ಟಾಗಿ ಹೇಳಿ ಕಳಿಸುವವಳೂ ಅವಳೇ. ಅವತ್ತು ಮೂಲೆಮನೆಯ ಹೊಸ ಜೋಡಿಯನ್ನು ಕೆರೆ ದಾರಿಗೆ ಅಟ್ಟಿದ್ದಳು.

ಮಧ್ಯಾಹ್ನ ಫಾರೆಸ್ಟ್ ಗಾರ್ಡ್ ಫೋನ್ ಮಾಡಿದ. "ಅಕ್ಕಾ, ಕೆರೆ ಹತ್ರ ಮರಿ ಕಟ್ಟಿಕೊಂಡು ಕರಡಿ ಓಡಾಡ್ತಿದೆ. ಯಾರನ್ನೂ ಆ ಕಡೆ ಬಿಡ್ಬೇಡಿ. ನಮ್ಮ ಜೀಪು ಬರೋದು ಸಂಜೆಗೇ."

ಅಕ್ಕ ಗಂಡನನ್ನು ಕೂಗಿ ಕರೆದು ವಿಷಯ ಹೇಳಿದಳು. ಕಾಡಿನೊಳಗೆ ಫೋನ್ ಸಿಗುವುದಿಲ್ಲ.

"ಅವರು ಬೇರೆ ಕಡೆ ಹೋಗಿರಬಹುದಲ್ವಾ?" ಎಂದ ಗಂಡ.

"ನಾನು ಹೇಳಿದ ಮೇಲೆ ಯಾರು ಬೇರೆ ಕಡೆ ಹೋಗ್ತಾರೆ? ನಿಂತು ನೋಡ್ಬೇಡಿ, ಹೋಗಿ ಕರ್ಕೊಂಡು ಬನ್ನಿ."

"ಅದೂ ಸರಿ. ನಿನ್ನ ಮಾತು ಮೀರೋ ಧೈರ್ಯ ನನಗೇ ಇಲ್ಲ," ಎಂದು ನಗುತ್ತಾ ಅವನು ಕೋಲು ಹಿಡಿದು ಹೊರಟ.

ಬಿಸಿಲು ಇಳಿಯಿತು. ಗೇಟಿನಲ್ಲಿ ನಿಂತ ಅಕ್ಕ ಎಲೆ ಅಲುಗಿದರೂ ಕತ್ತು ಚಾಚಿ ನೋಡುತ್ತಿದ್ದಳು. ಅಷ್ಟರಲ್ಲಿ ಪೇಟೆ ಕಡೆಯಿಂದ ಜೋಡಿಯ ಕಾರು ಬಂತು.

"ಬೇಜಾರು ಮಾಡ್ಕೋಬೇಡಿ ಅಕ್ಕಾ," ಎಂದಳು ಹುಡುಗಿ. "ನಿಮ್ಮೆದುರಿಗೆ ಹ್ಞೂಂ ಅಂದ್ವಿ. ಅಷ್ಟು ದೂರ ನಡೆಯೋಕೆ ಸೋಮಾರಿತನ, ಸಿನಿಮಾಗೆ ಹೋದ್ವಿ."

ಅಕ್ಕ ಕಾಡಿನ ಕಡೆ ತಿರುಗಿದಳು. ಅವಳ ಮಾತು ಕೇಳಿ ಅವತ್ತು ಕೆರೆ ದಾರಿ ಹಿಡಿದವನು ಒಬ್ಬನೇ. ಅವನಿನ್ನೂ ಬಂದಿರಲಿಲ್ಲ.