ಕೊಂಬೆ ಬಿಟ್ಟ ಕೈ

ಆ ಬೆಳಗ್ಗೆ ಡೊಂಬಿವಲಿಯಲ್ಲಿ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಒದ್ದೆ ಗೋಣಿ ಹೊದ್ದವರಂತೆ ಆಕಾಶ ಸುಮ್ಮನೆ ಬೆವರುತ್ತಿತ್ತು. ಭುಜಂಗ ಸ್ಲೋ ಲೋಕಲ್ ರೈಲು ಹಿಡಿದು ಠಾಣೆಯ ಆಸ್ಪತ್ರೆಗೆ ಹೊರಟ. ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ದೋಸೆ ಹೊಯ್ದ ಬಲಗೈಯ ತೋರುಬೆರಳು ಈಗ ಮಡಚುತ್ತಿರಲಿಲ್ಲ. ಒಡೆದ ಗ್ಲಾಸು ಕೊಯ್ದಾಗ ಅರಸಿನ ಮೆತ್ತಿ, ಬಟ್ಟೆ ಸುತ್ತಿ, ತಿಂಗಳುಗಟ್ಟಲೆ ಕಾವಲಿಯ ಮುಂದೆಯೇ ನಿಂತಿದ್ದ. ಒಳಗೆ ತುಂಡಾದ, ಬೆರಳನ್ನು ಎಳೆಯುವ ಹುರಿ ಅಷ್ಟರಲ್ಲಿ ಕುಗ್ಗಿಹೋಗಿತ್ತು. ಈಗ ಕಾವಲಿಯ ಮುಂದೆ ಅಡುಗೆಮನೆಯ ಹುಡುಗ ವಿಕಾಸ್ ನಿಂತಿದ್ದ, ಭುಜಂಗಣ್ಣ ಬರುವವರೆಗೆ ಎಂಬ ಮಾತಿನ ಮೇಲೆ. ಆ ಎರಡಡಿ ಜಾಗ ಬಿಟ್ಟರೆ ಈ ಊರಿನಲ್ಲಿ ತನ್ನದೆನ್ನುವುದು ಭುಜಂಗನಿಗೆ ಬೇರೆ ಇರಲಿಲ್ಲ.

ಕಲಬುರಗಿ ಕಡೆಯ ಡಾಕ್ಟರ್ ಪ್ರಫುಲ್ಲಾ, ಕಿರುಬೆರಳನ್ನು ಹೆಬ್ಬೆರಳಿಗೆ ತಾಗಿಸಿ ಮಣಿಕಟ್ಟು ಮಡಚಲು ಹೇಳಿದರು. ಮಣಿಕಟ್ಟಿನ ನಡುವೆ ದಾರದಂಥದೊಂದು ಉಬ್ಬಿ ನಿಂತಿತು.

"ಇದು ಮಂಗ್ಯಾನ ಕಾಲದ್ದು ನೋಡ್ರಿ. ಗಿಡದಾಗ ಜೋತಾಡ್ಲಿಕ್ಕೆ ಬೇಕಿತ್ತು. ನೆಲಕ್ಕಿಳದ್ವಿ, ಇದರ ಕೆಲಸ ಕಡಿಮಿ ಆತು. ಕೆಲವರಿಗೆ ಹುಟ್ಟಿದಾಗಿಂದ್ಲೇ ಇರಂಗಿಲ್ಲ, ಅವ್ರಿಗೇನೂ ಕೊರತಿ ಇಲ್ಲ. ಇದನ್ನ ತಗದು ಬೆರಳಿಗೆ ಹೊಲೀತೀನಿ."

ಭುಜಂಗನ ದಣಿದ ಜೀವಕ್ಕೂ ಸೋಜಿಗವಾಯಿತು. ಯಾವ ಅಜ್ಜನ ಅಜ್ಜ ಕೊಂಬೆ ಬಿಟ್ಟು ಇಳಿದು ಎಷ್ಟು ಲಕ್ಷ ವರ್ಷವಾಯಿತೋ! ದೇವರು ಹಳೆಯದನ್ನು ಕಿತ್ತೆಸೆಯುವವನಲ್ಲ. ತಲೆಮಾರಿನಿಂದ ತಲೆಮಾರಿಗೆ ಸ್ವಲ್ಪಸ್ವಲ್ಪವೇ ಸವೆಸುತ್ತಾನೆ, ಅವಸರವಿಲ್ಲ ಅವನಿಗೆ.

ಸಂಜೆ ಹೋಟೆಲಿನ ಅಡುಗೆಮನೆಯಲ್ಲಿ ಭುಜಂಗ ತೋರಿಸಿದಂತೆ ಎಲ್ಲರೂ ಮಣಿಕಟ್ಟು ಮಡಚಿ ನೋಡಿಕೊಂಡರು. ಧಣಿ ಮಧ್ವೇಶರಿಗೆ ದಾರವೇ ಏಳಲಿಲ್ಲ.

"ಧಣಿಗಳು ಕೊಂಬೆ ಬಿಟ್ಟು ಗಲ್ಲಾಪೆಟ್ಟಿಗೆ ಹಿಡಿದು ತುಂಬ ಕಾಲ ಆಯ್ತಲ್ಲ ಮಾರಾಯ್ರೆ" ಎಂದ ಭುಜಂಗ. ಧಣಿಯೂ ನಕ್ಕರು.

ಆಪರೇಷನ್ ಆಯಿತು. ಬೆರಳು ಪಳಗಲೆಂದು ನಾಲ್ಕು ತಿಂಗಳು ಹಿಟ್ಟಿನ ಉಂಡೆ ಹಿಚುಕಿದ್ದೇ ಹಿಚುಕಿದ್ದು. ಮರಳಿ ಬಂದ ದಿನ ಧಣಿಗಳು, ಇನ್ನು ಕೂಪನ್ ಕೌಂಟರಿನಲ್ಲಿ ಕೂತುಕೋ, ವಿಕಾಸನ ಕೈ ಗಿರಾಕಿಗಳಿಗೆ ಹಿಡಿಸಿದೆ ಎಂದರು. ಅದರಲ್ಲಿ ಕೇಡಿರಲಿಲ್ಲ. ವರ್ಷಗಟ್ಟಲೆ ನಿಂತು ಊದಿದ ಕಾಲುಗಳು ಹೂಂ ಅನ್ನು ಎಂದವು. ಭುಜಂಗ ಮಾತ್ರ ಒಳಗೆ ಹೋಗಿ ಕಾವಲಿಯ ಪಕ್ಕ ನಿಂತ.

ವಿಕಾಸ್ ತಿರುಗಿ ನೋಡಿದ. "ಮಡಚ್ತದಾ ಅಣ್ಣ?"

ಭುಜಂಗ ಬೆರಳನ್ನು ನಿಧಾನಕ್ಕೆ ಒಳಗೆಳೆದ. ಅಂಗೈ ಮುಟ್ಟಲು ಚೂರು ಬಾಕಿ ಉಳಿಯಿತು. "ಮುಕ್ಕಾಲು" ಎಂದ.

ವಿಕಾಸ್ ಹೊರಗೆ ಧಣಿಗಳ ಕಡೆ ನೋಡಲಿಲ್ಲ. ಕಾವಲಿಗೆ ನೀರು ಚಿಮುಕಿಸಿದ, ಹಿಟ್ಟಿನ ಸೌಟನ್ನು ಆ ಬಲಗೈಗೆ ಕೊಟ್ಟ, ಸರಿದು ಹೋಗಿ ತೆಂಗಿನಕಾಯಿ ಒಡೆಯತೊಡಗಿದ.