ಮೂರು ತುಂಡಿನ ಕೀಲಿಕೈ

ಒಂದು ಗುಟ್ಟು ಒಬ್ಬರ ಕೈಯಾಗ ಇರಬಾರದು ಅನ್ನೋದೇ ಪೂನಮಳ ಪಿಎಚ್‌ಡಿ. ಪ್ರಶ್ನೆಪತ್ರಿಕೆಗೆ ಕಂಪ್ಯೂಟರಿನಾಗ ಕೀಲಿ ಹಾಕೋದು, ಅದರ ಕೀಲಿಕೈ ಮೂರು ತುಂಡು ಮಾಡಿ ಮೂರು ಮಂದಿಗೆ ಹಂಚೋದು. ಮೂರೂ ಕೂಡಿದರಷ್ಟೇ ಕೀಲಿ ತೆಗೀತದ. ಗಣಿತದಾಗ ಎಳ್ಳಷ್ಟೂ ತಪ್ಪಿಲ್ಲ. ಆದ್ರ ಗಣಿತಕ್ಕ ಚಿಕ್ಕೋಡಿ ಮಂದಿ ಗೊತ್ತಿಲ್ಲ ನೋಡ್ರಿ.

ಪ್ರಯೋಗಕ್ಕ ಆಕಿ ನಂಬಿಗಸ್ತರನ್ನೇ ಹುಡುಕಿದಳು. ಕಾಲೇಜಿನಾಗ ಕ್ಲಾರ್ಕ್ ಆಗಿದ್ದ ಅಪ್ಪ ಜಯಪಾಲಗ ಒಂದು ಪೆನ್‌ಡ್ರೈವ್, ಅಲ್ಲೇ ಫಿಜಿಕ್ಸ್ ಕಲಿಸೋ ಮಾಮಾ, ಅವ್ವನ ತಮ್ಮ ತವನಪ್ಪಗ ಒಂದು, ತನಗೊಂದು. "ಜೀವ ಹೋದ್ರೂ ಇನ್ನೊಬ್ಬರ ಕೈಗೆ ಕೊಡಬ್ಯಾಡ್ರಿ" ಅಂತ ಬಡಕೊಂಡಿದ್ದಳು. ಪ್ರಯೋಗ ಕೆಟ್ಟರ ಇಷ್ಟು ವರ್ಷದ ಕೆಲಸ ಹೊಳ್ಯಾಗ ಹುಣಸಿಹಣ್ಣು ತೊಳದಂಗ, ಡಿಗ್ರಿ ಇಲ್ಲ.

ಕಡೀ ದಿನ ಗೈಡ್ ಉತ್ತಮ ಸರ ಬೆಳಗಾವಿಯಿಂದ ಬಂದರು. ಹೊತ್ತು ಮುಳುಗೋದರೊಳಗ ಉಣ್ಣೋ ಜೈನರ ಮನಿ, ಎಲ್ಲರೂ ತಾಟಿನ ಮುಂದ ಕೂತರು.

"ಆ ತುಂಡು ಒಂದೀಟು ತೋರಸ್ರಿ," ಅಂದರು ಸರ.

ಜಯಪಾಲ ಅಡಿಗಿಮನಿ ಕಡೆ ಹೆಂಡತಿನ್ನ ಕೂಗಿದ. "ಚಂದ್ರಮತಿ, ಅದನ್ನ ತಾ."

"ಅಕ್ಕಾ, ನಂದೂ ತಾ!" ಅಂದ ತವನಪ್ಪ.

ಸರ ಎತ್ತಿದ ತುತ್ತು ಇಳಿಸಿದರು. ಪೂನಮಗ ಮೈಯೆಲ್ಲ ಉರೀತು. "ಇನ್ನೊಬ್ಬರಿಗೆ ಕೊಡಬ್ಯಾಡ ಅಂದಿದ್ದಿಲ್ಲಾ, ಮಾಮಾ?"

"ಅಕ್ಕ ಇನ್ನೊಬ್ಬಾಕಿ ಹೆಂಗ ಆಗ್ತಾಳವಾ?" ಅವನಿಗೆ ಖರೇನ ತಿಳೀಲಿಲ್ಲ.

ಸರ ನಕ್ಕರು. "ಹೋಗ್ಲಿ ಬಿಡು. ಮೂರನೇದು ನಿನ್ನ ಹಂತ್ಯಾಕ ಐತೆಲ್ಲಾ? ಹಂಗಾದ್ರ ಕೀಲಿ ಗಟ್ಟಿ ಐತಿ. ಗೆದ್ದಿ ತಗೋ."

ಪೂನಮಗ ಆಗ ನೆನಪಾತು. ಹೋದ ತಿಂಗಳ ಕೊಲ್ಹಾಪುರಕ್ಕ ಹೋಗುವಾಗ, ಬಸ್ಸಿನಾಗ ಕಳದೀತು ಅಂತ ಆಕಿನೂ ತನ್ನ ತುಂಡು ಅವ್ವನ ಕೈಯಾಗೇ ಇಟ್ಟಿದ್ದಳು, ತಿರುಗಿ ಕೇಳಿರಲಿಲ್ಲ.

ಚಂದ್ರಮತಿ ಬಾಗಿಲದಾಗ ನಿಂತಿದ್ದಳು. ಬಲಗೈಯಾಗ ಎರಡು ಪೆನ್‌ಡ್ರೈವ್, ಎಡಗೈ ಮುಷ್ಟಿ ಸೆರಗಿನ ಒಳಗ. "ಮೂರನೇದರ ಸುದ್ದಿ ನನಗ ಗೊತ್ತಿಲ್ರಿ. ಅದು ಆಕಿ ಹಂತ್ಯಾಕನ ಐತಿ," ಅಂದಳು. ಇರುವಿ ತುಳದರೂ ಪ್ರಾಯಶ್ಚಿತ್ತ ಮಾಡಿಕೊಳ್ಳೋ ಹೆಣ್ಣುಮಗಳು, ದನಿ ಒಂಚೂರೂ ನಡಗಲಿಲ್ಲ.

ಸುಮ್ಮನಿದ್ದರ ಸಾಕಿತ್ತು, ಡಿಗ್ರಿ ಬಂದಂಗೇ ಇತ್ತು. ಪೂನಮಗ ಅಳು ಬಂತು, ನಾಚಿಕಿನೂ ಬಂತು. ಎದ್ದು ಹೋಗಿ ಅವ್ವನ ಮುಷ್ಟಿ ಬಿಡಿಸಿದಳು.

"ಮೂರೂ ಇಲ್ಲೇ ಇದ್ವು, ಸರ. ನನ್ನ ಕೀಲಿ ಸೋತೈತಿ."

ಚಂದ್ರಮತಿ ಮಗಳ ಮಾರಿ ನೋಡಿದಳು.

"ಯಾಕ ತೆಗದಿ, ಹುಚ್ಚಿ? ಸಾಯೂತನಕ ನಾ ಯಾರಿಗೂ ಹೇಳತಿದ್ದಿಲ್ಲ."