ಕರೆಂಟು ಹೋಗದ ದಿನ

ಕೊಣ್ಣೂರಿನ ಹಳೆಯ ಸೇತುವೆ ತಗ್ಗಿನದು. ಮಲಪ್ರಭೆಗೆ ಸಿಟ್ಟು ಬಂದರೆ ಮೊದಲು ಮುಳುಗುವುದು ಅದೇ. ಅದಕ್ಕೇ ಊರ ರೈತರ ಸಂಘದವರು ಸೇತುವೆಯ ಕಂಬಕ್ಕೆ ನೀರಳೆಯುವ ಯಂತ್ರ ಕೂಡಿಸಿ, ಅದರ ಲೆಕ್ಕ ಸಂಘದ ಕಂಪ್ಯೂಟರಿನಲ್ಲಿ ಕಾಣುವಂತೆ ಮಾಡುವ ಕೆಲಸವನ್ನು ನೀಲಾಳಿಗೆ ವಹಿಸಿದರು. ತಾಯಿ ರೇಣವ್ವ ಕಂಡವರ ಹೊಲದಲ್ಲಿ ಕಳೆ ಕಿತ್ತು ಅವಳನ್ನು ಓದಿಸಿದ್ದಳು. ಮಗಳು ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತು ಬಂದು, ಯಾರ ಮಾತೂ ಕೇಳದಷ್ಟು ಬುದ್ಧಿವಂತಳಾಗಿದ್ದಳು.

ಯಂತ್ರದ ಜೊತೆ ಬಂದ ಪ್ರೋಗ್ರಾಮು ನಿಮಿಷಕ್ಕೊಮ್ಮೆ ನೀರಿನ ಎತ್ತರವನ್ನು ಒಂದು ಸಾಲಿನಲ್ಲಿ ಹೇಳುತ್ತಿತ್ತು. ನೀಲಾ ಬರೆದ ಜಾವಾ ಪ್ರೋಗ್ರಾಮು ಅದನ್ನು ಶುರು ಮಾಡಿ, ಅದು ಹೇಳಿದ್ದನ್ನು ಓದಿ, ಪರದೆಯ ಮೇಲೆ ಹಸಿರೋ ಕೆಂಪೋ ತೋರಿಸಬೇಕಿತ್ತು. ಅವಳ ತಪ್ಪು ಇಷ್ಟೇ: ಆ ಪ್ರೋಗ್ರಾಮು ಮುಗಿಯುವ ತನಕ ಕಾಯಿ, ಆಮೇಲೆ ಓದು ಎಂದು ಬರೆದಿದ್ದಳು. ಹೇಳುವವ ಒಂದೇ ಸಮನೆ ಹೇಳುತ್ತಲೇ ಇದ್ದ, ಕೇಳಬೇಕಾದವ ಅವನ ಮಾತು ಮುಗಿಯಲಿ ಎಂದು ಕಿವಿ ಮುಚ್ಚಿ ಕೂತಿದ್ದ.

ಆದರೂ ಯಾರಿಗೂ ಇದು ಗೊತ್ತಾಗಲಿಲ್ಲ. ನಮ್ಮ ಕಡೆಯ ಕರೆಂಟಿನ ಹಣೆಬರಹ ನಿಮಗೂ ಗೊತ್ತಿದ್ದದ್ದೇ, ತಾಸಿಗೆ ನಾಲ್ಕು ಸಲ ಹೋಗಿ ಬರುತ್ತದೆ. ಹೋದಾಗ ಕಂಪ್ಯೂಟರು ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ಆದರೆ ಸೇತುವೆಯ ಯಂತ್ರ ಸತ್ತು ಅದರ ಪ್ರೋಗ್ರಾಮು ಮುಗಿಯುತ್ತಿತ್ತು. ತಡೆದಿಟ್ಟ ಲೆಕ್ಕವೆಲ್ಲ ಆಗ ಪರದೆಗೆ ಬರುತ್ತಿತ್ತು. ಕರೆಂಟು ಬಂದೊಡನೆ ಮತ್ತೆ ಶುರು. ಹೀಗೆ ಕೆಟ್ಟ ಕರೆಂಟಿನ ಪುಣ್ಯದಿಂದ ಕೆಟ್ಟ ಪ್ರೋಗ್ರಾಮು ಸರಿಯಾಗಿ ನಡೆಯಿತು. ಜನ ಹೊಗಳಿದರು, ನೀಲಾ ಉಬ್ಬಿದಳು.

ಆಗಸ್ಟಿನಲ್ಲಿ ಹೊಳೆ ಏರತೊಡಗಿತು. ನೀಲಾ ತಾನಾಗಿಯೇ ಲೈನ್‌ಮನ್ ಮೈಲಾರಿಗೆ ಫೋನ್ ಮಾಡಿದಳು.

"ಮೈಲಾರಿ ಅಣ್ಣಾ, ಇವತ್ತೊಂದ ದಿನ ಕರೆಂಟ್ ತಗೀಬ್ಯಾಡ್ರಿ. ಮಂದಿ ಜೀವದ ಪ್ರಶ್ನೆ ಐತಿ."

"ನೀ ಹೇಳಿದ ಮ್ಯಾಲ ಮುಗೀತ ಬಿಡವಾ ತಂಗಿ" ಎಂದ ಆ ಪುಣ್ಯಾತ್ಮ, ಕೊಟ್ಟ ಮಾತು ಉಳಿಸಿಕೊಂಡ. ಮುಂಜಾನೆಯಿಂದ ದೀಪ ಒಮ್ಮೆಯೂ ಮಿಣುಕಲಿಲ್ಲ. ಪರದೆಯೂ ಮುಂಜಾನೆಯ ಹಸಿರಿನಲ್ಲೇ ನಿಂತುಬಿಟ್ಟಿತು.

ಮಧ್ಯಾಹ್ನ ರೇಣವ್ವನ ಫೋನ್ ಬಂತು. ಕೂಲಿಗೆಂದು ಆಚೆ ದಂಡೆಗೆ ಹೋಗಿದ್ದಳು.

"ನೀಲಾ, ಸೇತುವಿ ಮ್ಯಾಲ ನೀರ ಬಂದಾಂಗ ಕಾಣತೈತಿ. ಬರ್ಲೋ, ಇಲ್ಲೇ ಉಳೀಲೋ?"

ನೀಲಾ ಪರದೆ ನೋಡಿದಳು. ಎದ್ದು ಹೊರಗೆ ಹೋಗಿ ಹೊಳೆ ನೋಡಲಿಲ್ಲ.

"ಅದು ಮಳಿ ನೀರ ಯವ್ವಾ, ನಿಂತಿರತೈತಿ. ಹೊಳಿ ಇನ್ನೂ ಎರಡ ಅಡಿ ಕೆಳಗ ಐತಿ. ಬಾ."

"ಕಣ್ಣಿಗೆ ಬ್ಯಾರೇನ ಕಾಣತೈತಲ್ಲ ಮಗಳ."

"ಸೂಜಿಗೆ ದಾರ ಏರ್ಸಾಕ ಆಗವಲ್ದು ನಿನಗ, ಹೊಳಿ ಅಳೀತಿ ಏನ? ಸುಮ್ನ ಬಾ!"

ರೇಣವ್ವ ನಕ್ಕು ಫೋನಿಟ್ಟಳು. ಮಗಳು ಬೈದರೂ ಆಕೆಗೆ ಹೆಮ್ಮೆಯೇ.

ತುಸು ಹೊತ್ತಿಗೆ ದಂಡೆಯ ಮೇಲಿನ ಕಂಬ ಉರುಳಿ ಕರೆಂಟು ಹೋಯಿತು. ಅಳೆಯುವ ಪ್ರೋಗ್ರಾಮು ಮುಗಿಯಿತು. ಮುಂಜಾನೆಯಿಂದ ತಡೆದಿಟ್ಟ ಸಾಲುಗಳು ದಬದಬನೆ ಇಳಿದು ಪರದೆ ಕೆಂಪಾಯಿತು. ತಾಯಿ ಫೋನ್ ಮಾಡಿದ ಹೊತ್ತಿನ ಸಾಲನ್ನು ನೀಲಾ ಹುಡುಕಿದಳು. ಆಗಲೇ ಸೇತುವೆಯ ಮೇಲೆ ಮೊಣಕಾಲುದ್ದ ನೀರಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ತಪ್ಪು ಎಲ್ಲಿದೆ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ತಿದ್ದಲು ಎರಡು ಸಾಲು ಸಾಕಿತ್ತು.

ಅಷ್ಟರಲ್ಲಿ ಫೋನ್ ಬಂತು. ತಾಯಿ ಕೂಲಿಗೆ ಹೋದ ಹೊಲದ ಒಡೆಯ ಮೆಹಬೂಬಸುಭಾನಿ, ಏದುಸಿರು ಬಿಡುತ್ತಿದ್ದ.

"ನಡು ಸೇತುವ್ಯಾಗ ಹೊಳಿ ಎಳಕೊಂಡ ಹೋತವಾ, ಎಲ್ಲೂ ಕಾಣವಲ್ಲಳು. ನಾ ಕೈ ಹಿಡದ ಜಗ್ಗಿದ್ದೆ, ಬ್ಯಾಡ ರೇಣವ್ವಾ ಅಂದಿದ್ದೆ. ಕೈ ಕೊಡವಿ ಹ್ವಾದ್ಲು. ನಮ್ಮ ನೀಲಾ ಬಾ ಅಂದಾಳ್ರಿ, ನೀವೇನ ಆಕಿಕಿಂತ ಶಾಣ್ಯಾರೇನ್ರಿ ಅಂದ್ಲು."